ಕಳಿಸದ ಫೋಟೋ

ಜುಲೈ 9, 2024, ಮಂಗಳವಾರ

ಇವತ್ತು ಎಂಬತ್ತಾರು ಸ್ಯಾಂಪಲ್. ಹರಿಹರದಲ್ಲಿ ನಮ್ಮ ಲ್ಯಾಬ್ ತೆರೆದ ಮೇಲೆ ಒಂದೇ ದಿನ ಇಷ್ಟು ಬಂದದ್ದು ಇದೇ ಮೊದಲು. ಊರೆಲ್ಲ ಡೆಂಗಿ ಜ್ವರ. ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕೂತಿರುತ್ತಾರೆ, ಕೆಲವರು ಅಲ್ಲೇ ಮಲಗಿರುತ್ತಾರೆ. ಟೋಕನ್ ಕೂಗಿ ಕೂಗಿ ಕೌಂಟರಿನ ನಿರ್ಮಲಮ್ಮನ ಗಂಟಲು ಕಟ್ಟಿದೆ. ರಕ್ತ ತೆಗೆಯುವುದು, ಮಷಿನ್ನಿಗೆ ಹಾಕುವುದು, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಸವರಿ ಬಣ್ಣ ಹಾಕುವುದು, ಮೈಕ್ರೋಸ್ಕೋಪಿನಲ್ಲಿ ನೋಡುವುದು, ಎಲ್ಲ ನಾನೊಬ್ಬಳೇ.

ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಆರು ತಿಂಗಳು ಖಾಲಿ ಬಿದ್ದಿತ್ತು. ಯಾರನ್ನಾದರೂ ಬೈಯಬೇಕು ಅನ್ನಿಸಿದಾಗ ಇದರಲ್ಲಿ ಬರೆಯೋಣ ಎಂದುಕೊಂಡಿದ್ದೇನೆ. ಮನೆಯಲ್ಲಿ ಕಮಲಕ್ಕನ ಮುಂದೆ ಬೈದರೆ ಅಕ್ಕ ನನಗೇ ತಿರುಗಿ ಬೈಯುತ್ತಾಳೆ. ಮುಂಜಾನೆಯಿಂದ ಹಂಚಿನ ಮುಂದೆ ಕೂತು ಖಾನಾವಳಿಗೆ ರೊಟ್ಟಿ ಬಡಿಯುವವಳಿಗೆ ನನ್ನ ದಣಿವು ದಣಿವೇ ಅಲ್ಲ.

ಇಲ್ಲಿ ಡಾಕ್ಟರು ಇಲ್ಲ. ಡಾ. ಕಲ್ಲೇಶಪ್ಪ ಸರ್ ದಾವಣಗೆರೆಯ ಎಸ್.ಎಸ್. ಬಡಾವಣೆಯ ಮುಖ್ಯ ಲ್ಯಾಬಿನಲ್ಲಿ ಕೂರುತ್ತಾರೆ. ಮೈಕ್ರೋಸ್ಕೋಪಿನ ಕಣ್ಣಿಗೆ ಫೋನ್ ಸಿಕ್ಕಿಸಿ ಒಂದೊಂದು ಸ್ಲೈಡಿನದೂ ನಾಲ್ಕು ಫೋಟೋ ತೆಗೆದು ಕಳಿಸುತ್ತೇನೆ. ಅವರು ಅದನ್ನು ನೋಡಿ ಏನೆಂದು ಟೈಪ್ ಮಾಡುತ್ತಾರೆ. ರಿಪೋರ್ಟಿನಲ್ಲಿ ಅವರ ಸಹಿ ಬರುತ್ತದೆ. ಇಪ್ಪತ್ತೊಂದು ವರ್ಷದ ಅನುಭವ ನನ್ನದು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ನನ್ನ ಫೋಟೋಗಳನ್ನೇ ಸರ್ ಬೇರೆ ಬ್ರಾಂಚಿನವರಿಗೆ ಮಾದರಿ ಎಂದು ತೋರಿಸುತ್ತಾರೆ. ಹೋದ ವಾರ ಒಬ್ಬ ಲಾರಿ ಡ್ರೈವರನ ರಕ್ತದಲ್ಲಿ ಮಲೇರಿಯಾದ ಹುಳ ಹಿಡಿದಾಗ ‘ನಿನ್ನ ಕಣ್ಣು ಕಣ್ಣಮ್ಮ’ ಎಂದಿದ್ದರು.

ಜುಲೈ 18, ಗುರುವಾರ

ತೊಂಬತ್ತೆರಡು. ಬಣ್ಣದ ಬಾಟಲಿಯ ತಳ ಬಂದಿದೆ, ಹೊಸದು ಬಂದಿಲ್ಲ. ಸ್ಲೈಡಿನ ತುಂಬ ನೀಲಿ ನುಚ್ಚು. ನೋಡುವಾಗ ಕಣ್ಣು ಉರಿಯುತ್ತದೆ.

ಟೋಕನ್ 61ರದು ದೊಡ್ಡ ಕಿರಿಕಿರಿ. ಒಬ್ಬ ಮುದುಕಿ ಏಳು ವರ್ಷದ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ತಂದಿದ್ದಳು. ಅಷ್ಟು ದೊಡ್ಡ ಹುಡುಗಿಯನ್ನು ಯಾರಾದರೂ ಎತ್ತಿಕೊಳ್ಳುತ್ತಾರೆಯೇ! ‘ಕಾಲು ನೋಯ್ತಾವೆ ಅಂತಾಳೆ ತಾಯಿ, ನಡಿಯಾಕೆ ಒಲ್ಲೆ ಅಂತಾಳೆ’ ಎಂದಳು. ಈ ಜ್ವರದಲ್ಲಿ ಯಾರಿಗೆ ನೋವಿಲ್ಲ? ರಕ್ತ ಕೊಟ್ಟ ಮೇಲಾದರೂ ಹೋಗಬೇಕಲ್ಲ, ಹತ್ತು ನಿಮಿಷಕ್ಕೊಮ್ಮೆ ಒಳಗೆ ಇಣುಕಿ ‘ಆತೇನ್ರಿ?’ ಪ್ಲೇಟ್‌ಲೆಟ್ ಅರವತ್ತೆರಡು ಸಾವಿರ, ರಕ್ತವೂ ಕಡಿಮೆ. ಡೆಂಗಿ ಟೆಸ್ಟಿನ ಕಾರ್ಡ್ ಮಾತ್ರ ನೆಗೆಟಿವ್. ಸ್ಲೈಡಿನ ಬಾಲದ ಕಡೆ, ಅಂದರೆ ಸವರಿದ್ದು ತೆಳ್ಳಗಾಗುತ್ತ ಮುಗಿಯುವ ತುದಿಯಲ್ಲಿ, ಎರಡು ದೊಡ್ಡ ಕಣ ಕಂಡವು. ಆ ತುದಿಯಲ್ಲಿ ಬಣ್ಣದ ನುಚ್ಚೂ ಬಹಳ ಇತ್ತು. ಜ್ವರದಲ್ಲಿ ಬಿಳಿರಕ್ತಕಣ ಊದಿಕೊಳ್ಳುವುದು ಇದ್ದದ್ದೇ. ನಡುವಿನ ಸ್ವಚ್ಛ ಜಾಗದ ನಾಲ್ಕು ಫೋಟೋ ಕಳಿಸಿದೆ. ‘ಡೆಂಗಿ ತರಹ, ನಾಲ್ಕು ದಿನ ಬಿಟ್ಟು ಮತ್ತೆ ಪ್ಲೇಟ್‌ಲೆಟ್ ನೋಡಿ’ ಎಂದು ಸರ್ ಬರೆದರು. ಮುದುಕಿ ಕೈಮುಗಿದು ಹೋದಳು.

ಮಧ್ಯಾಹ್ನ ಊಟ ಮಾಡಿದ್ದು ನಾಲ್ಕಕ್ಕೆ.

ಜುಲೈ 22, ಸೋಮವಾರ

ಹೋದ ವಾರದ 61 ಮತ್ತೆ ಬಂದಿತ್ತು, ಇವತ್ತು 17. ಪ್ಲೇಟ್‌ಲೆಟ್ ನಲವತ್ತೆಂಟು ಸಾವಿರಕ್ಕೆ ಇಳಿದಿದೆ. ಯಾರೋ ಹೇಳಿದರೆಂದು ಪರಂಗಿ ಎಲೆಯ ರಸ ಕುಡಿಸುತ್ತಿದ್ದಾರಂತೆ. ಮಷಿನ್ನಿನಲ್ಲಿ ಹಾಕಿ ಕೊಟ್ಟೆ. ಸ್ಲೈಡ್ ಮಾಡಲು ಹೊತ್ತಿರಲಿಲ್ಲ. ‘ಅಡ್ಮಿಟ್ ಆಗಲಿ’ ಎಂದು ಸರ್ ಹೇಳಿದರು, ಮುದುಕಿಗೆ ತಿಳಿಸಿದೆ.

ಜುಲೈ 31, ಬುಧವಾರ

ನೂರಾ ನಾಲ್ಕು. ಬರೆಯಲು ಏನೂ ಇಲ್ಲ.

ಆಗಸ್ಟ್ 14, ಬುಧವಾರ

ಊರಿನ ಜ್ವರ ಸ್ವಲ್ಪ ಇಳಿದಿದೆ, ದಿನದ ಸ್ಯಾಂಪಲ್ ಐವತ್ತಕ್ಕೆ ಬಂದಿದೆ. ಮಧ್ಯಾಹ್ನ ಬಾಗಿಲು ಹಾಕುವಾಗ ಒಬ್ಬರು ಬಂದರು. ಮೂವತ್ತೈದರ ಆಸುಪಾಸು, ಉಗುರಿನ ಸಂದಿಯಲ್ಲೆಲ್ಲ ವಾರ್ನಿಷಿನ ಕಪ್ಪು. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಂತೆ, ಹೆಸರು ಬಕ್ಕೇಶ್.

‘ಮೇಡಂ, ಜುಲೈನಾಗೆ ನಮ್ಮವ್ವ ನನ್ನ ಮಗಳನ್ನ ಕರಕಂಡು ಬಂದಿದ್ರು. ತನುಶ್ರೀ ಅಂತ. ಡೆಂಗಿ ಅಂದಿದ್ರಲ್ಲ.’

ನೂರಾರು ಜನ ಬಂದಿದ್ದಾರೆ, ಯಾರನ್ನೆಂದು ನೆನಪಿಟ್ಟುಕೊಳ್ಳಲಿ? ಹೂಂ ಎಂದೆ.

‘ಆ ರಿಪೋರ್ಟು ನೋಡಿ ಇಲ್ಲಿ ಆಸ್ಪತ್ರೆಯಾಗೆ ಎರಡು ವಾರ ಡೆಂಗಿ ಔಷಧಿನೇ ಕೊಟ್ರು. ಡೆಂಗಿ ಅಲ್ವಂತೆ. ಬ್ಲಡ್ ಕ್ಯಾನ್ಸರ್ ಅಂದ್ರು. ದಾವಣಗೆರೆ ಆಸ್ಪತ್ರೆಯಾಗೆ ಇಟ್ಕಂಡಾರೆ, ಸೊಂಟದ ಎಲುಬಿಂದ ನೀರು ತೆಗೆದು ನೋಡಿದ್ರು. ಹಳೇ ಸ್ಲೈಡು ಏನಾರ ಇದ್ರೆ ತಗಂಬರ್ರಿ ಅಂದಾರೆ. ಯಾವಾಗಿಂದ ಐತೆ ಅಂತ ತಿಳ್ಕಳಾಕಂತೆ.’

‘ಹುಡುಕಬೇಕು. ಸೋಮವಾರ ಬನ್ನಿ.’

‘ಆಗ್ಲಿ ಮೇಡಂ. ತ್ರಾಸು ಕೊಟ್ಟೆ.’

ಹೋಗುವಾಗ ಮೆಟ್ಟಿಲ ಬಳಿ ನಿಂತು ಏನೋ ಮರೆತವನಂತೆ ಹಿಂದಿರುಗಿ ನೋಡಿದ. ಆಗ ಆ ಮುದುಕಿಯ ಮುಖ ನೆನಪಾಯಿತು. ಅದೇ ಗಲ್ಲ.

ಆಗಸ್ಟ್ 15, ಗುರುವಾರ

ರಜೆ. ಅಕ್ಕನಿಗೆ ಪೇಟೆಗೆ ಹೋಗುತ್ತೇನೆಂದು ಹೇಳಿ ಲ್ಯಾಬಿನ ಬೀಗ ತೆಗೆದೆ.

ಸ್ಲೈಡಿನ ಮೇಲೆ ಹೆಸರಿರುವುದಿಲ್ಲ. 18/7, 61 ಎಂದು ಗಾಜಿನ ಮೇಲೆ ಗೀಚಿದ ನನ್ನದೇ ಅಕ್ಷರ. ಮೊದಲು ನಡುಭಾಗ ನೋಡಿದೆ. ನಾನು ಕಳಿಸಿದ ನಾಲ್ಕೂ ಫೋಟೋ ಅಲ್ಲಿಯವೇ, ಒಂದೂ ಸುಳ್ಳಲ್ಲ. ಆಮೇಲೆ ಬಾಲದ ಕಡೆ ಸರಿಸಿದೆ.

ಹದಿನೇಳು ಸಿಕ್ಕವು. ಬಲಿಯದ ಬಿಳಿರಕ್ತಕಣ, ಬ್ಲಡ್ ಕ್ಯಾನ್ಸರಿನವು. ಕಣದ ತುಂಬ ನೀಲಿ ನ್ಯೂಕ್ಲಿಯಸ್, ಸುತ್ತ ಉಗುರಿನ ಅಂಚಿನಷ್ಟು ಜಾಗ. ಡಿಪ್ಲೊಮಾ ಓದುವ ಹುಡುಗಿಯರಿಗೆ ಮೊದಲ ವರ್ಷವೇ ಇದರ ಚಿತ್ರ ತೋರಿಸುತ್ತಾರೆ. ಬಣ್ಣದ ನುಚ್ಚು ಇದೆ, ನಿಜ. ಆದರೆ ನುಚ್ಚು ನುಚ್ಚಿನ ಹಾಗೇ ಕಾಣುತ್ತದೆ, ಕಣ ಕಣದ ಹಾಗೇ ಕಾಣುತ್ತದೆ.

ಆವತ್ತು ಕಂಡಿರಲಿಲ್ಲವೇನೋ ಎಂದುಕೊಂಡು ಮನೆಗೆ ಬಂದು ಈ ಡೈರಿ ತಿರುವಿದೆ. ‘ಎರಡು ದೊಡ್ಡ ಕಣ ಕಂಡವು’ ಎಂದು ಬರೆದಿದ್ದೇನೆ.

ಆಗಸ್ಟ್ 16, ಶುಕ್ರವಾರ

ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ಔಷಧಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಹೋದೆ. ಕಲ್ಲೇಶಪ್ಪ ಸರ್ ತಮ್ಮ ಮೈಕ್ರೋಸ್ಕೋಪಿನಲ್ಲಿಟ್ಟು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

‘ಇದನ್ನ ನನಗೆ ಕಳಿಸಿದ್ಯೇನಮ್ಮ ಶೋಭಾ?’

‘ಇಲ್ಲ ಸರ್. ನಡುವಿನವು ನಾಲ್ಕು ಕಳಿಸಿದ್ದೆ.’

‘ಹಂಗಾರೆ ನಾನು ನೋಡೇ ಇಲ್ಲ.’

ಅವರೇ ಮತ್ತೆ ಮಾತಾಡಿದರು, ತಗ್ಗಿದ ದನಿಯಲ್ಲಿ. ‘ತಿಂಗಳಾದ ಮೇಲೆ ಸ್ಲೈಡ್ ಇಡೋದಿಲ್ಲ, ತೊಳೆದುಬಿಡ್ತೀವಿ ಅಂತ ಹೇಳು. ಅವರಿಗೆ ಕಾಯಿಲೆ ಏನಂತ ಗೊತ್ತಾಗೈತೆ, ಟ್ರೀಟ್‌ಮೆಂಟೂ ಶುರು ಆಗೈತೆ. ಈ ಸ್ಲೈಡಿನಿಂದ ಆ ಮಗೂಗೆ ಇನ್ನೇನೂ ಆಗೋದಿಲ್ಲ. ಏನಾದ್ರೂ ಆದ್ರೆ ನಮಗೇ. ಐದು ಬ್ರಾಂಚ್, ಮೂವತ್ತು ಮನೆ ಇದರ ಮೇಲೆ ನಡೀತಾವೆ.’

ಸ್ಲೈಡನ್ನು ಒಡೆದು ಹಾಕುತ್ತಾರೆ ಎಂದುಕೊಂಡಿದ್ದೆ. ತಿರುಗಿ ನನ್ನ ಕೈಗೇ ಕೊಟ್ಟರು.

ಆಗಸ್ಟ್ 19, ಸೋಮವಾರ

ಬಕ್ಕೇಶ್ ಬಂದಿದ್ದ. ಸಿಗಲಿಲ್ಲ, ತಿಂಗಳಾದ ಮೇಲೆ ಇಡುವುದಿಲ್ಲ ಎಂದೆ.

‘ಇರ್ಲಿ ಬಿಡ್ರಿ ಮೇಡಂ, ಹುಡುಕಿದ್ರಲ್ಲ ಅಷ್ಟೇ ಸಾಕು’ ಎಂದ.

ಆಗಸ್ಟ್ 22, ಗುರುವಾರ

ರೊಟ್ಟಿ ಬಡಿಯುತ್ತಿದ್ದ ಅಕ್ಕನ ಪಕ್ಕ ಕೂತು ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

‘ಹೇಳಿದ್ರೆ ಆ ಹುಡುಗಿ ಹುಷಾರಾಗ್ತಾಳೇನು?’

‘ಇಲ್ಲ.’

‘ಮತ್ತೆ ಯಾರ ಸಲುವಾಗಿ ಹೇಳ್ಬೇಕು ಅಂತೀಯ? ನಿನ್ನ ಹೊಟ್ಟೆಯಾಗಿನ ಬೆಂಕಿ ಅವ್ರ ಹೊಟ್ಟಿಗೆ ಹಾಕಿ ನೀ ತಣ್ಣಗಾಗಬೇಕು. ಅಷ್ಟೇ ಅಲ್ಲ?’

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅಕ್ಕ ಅದನ್ನು ತೆಗೆದು ನನ್ನ ತಟ್ಟೆಗೆ ಹಾಕಿದಳು.

ಆಗಸ್ಟ್ 25, ಭಾನುವಾರ

ದಾವಣಗೆರೆ ಆಸ್ಪತ್ರೆಗೆ ಹೋಗಿದ್ದೆ. ಯಾಕೆ ಹೋದೆನೋ. ಹೊರಗಿನಿಂದ ನೋಡಿ ಬರೋಣ ಎಂದುಕೊಂಡಿದ್ದೆ. ಮುದುಕಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಚಮಚ ತೊಳೆಯುತ್ತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು.

‘ಯವ್ವಾ, ಹರಿಹರದಾಗೆ ರಕ್ತ ತಗಂಡ ತಾಯಿ ಅಲ್ಲೇನು ನೀನು? ಬಾ, ಕೂಡು.’

ಸಂಬಂಧಿಕರೊಬ್ಬರನ್ನು ನೋಡಲು ಬಂದೆ ಎಂದೆ. ಹೆಸರು ಕಸ್ತೂರಮ್ಮ. ಸೊಸೆ ಕೃತಿಕಾ ಜುಲೈನಲ್ಲಿ ಮಾಯಕೊಂಡದ ತವರಿನಲ್ಲಿ ಗಂಡುಮಗು ಹೆತ್ತಿದ್ದಾಳೆ. ಎಳೆಗೂಸನ್ನು ಈ ವಾರ್ಡಿಗೆ ತರಬೇಡಿ ಎಂದಿದ್ದಾರೆ ಡಾಕ್ಟರು. ಹಾಗಾಗಿ ಇಲ್ಲಿ ಅಜ್ಜಿ ಒಬ್ಬರೇ. ಬಕ್ಕೇಶ್ ಅಂಗಡಿ ಮುಚ್ಚಿದ ಮೇಲೆ ಬರುತ್ತಾನೆ.

‘ನೀನು ನಾಕು ದಿನ ಬಿಟ್ಟು ಬರ್ರಿ ಅಂದಿದ್ದಕ್ಕೇ ನಾವು ಮತ್ತೆ ತೋರಿಸಿದ್ದು ತಾಯಿ. ಇಲ್ಲಾಂದ್ರೆ ಗೊತ್ತೇ ಆಗ್ತಿದ್ದಿಲ್ಲ’ ಎಂದರು.

ಎದ್ದು ಹೋಗಿ ಹಾಲು ತಂದುಕೊಟ್ಟೆ.

ಸೆಪ್ಟೆಂಬರ್ 3, ಮಂಗಳವಾರ

ಸರ್ ಫೋನ್ ಮಾಡಿ ರೇಗಿದರು. ‘ಒಂದು ಸ್ಲೈಡಿಗೆ ಹದಿನೆಂಟು ಫೋಟೋ ಕಳಿಸಿದ್ರೆ ನಾನು ಯಾವಾಗ ನೋಡ್ಲಿ? ಐದು ಬ್ರಾಂಚಿಂದು ನೋಡಬೇಕು.’

ಬಾಲ ನೋಡದೆ ಬಿಡಲು ಆಗುತ್ತಿಲ್ಲ. ಜ್ವರಕ್ಕೆ ಬಂದಿದ್ದ ಹಾಲೇಶಪ್ಪನವರ ಸ್ಲೈಡು ಮುಗಿಸುವ ಹೊತ್ತಿಗೆ ಹೊರಗೆ ಸರದಿಗೆ ಕಾಯುತ್ತಿದ್ದ ಮರಿಯವ್ವ ತಲೆ ಸುತ್ತಿ ಕೂತುಬಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಬಂದಿದ್ದರು ಪಾಪ, ಸಕ್ಕರೆ ಕಾಯಿಲೆ. ನನ್ನ ಡಬ್ಬಿಯ ಅವಲಕ್ಕಿ ಕೊಟ್ಟೆ. ಕೆಲಸ ಮುಗಿಯಲು ಏಳಾಯಿತು.

ಸೆಪ್ಟೆಂಬರ್ 12, ಗುರುವಾರ

ತಪ್ಪಾಯಿತು. ಈ ಸಲ ಬೇರೆ ಥರದ್ದು.

ಸಣ್ಣಬೀರಪ್ಪ ಎಂದು ಗೋದಾಮಿನಲ್ಲಿ ಮೂಟೆ ಹೊರುವವರು. ಸೋಮವಾರ ಅವರ ಸ್ಲೈಡಿನಲ್ಲಿ ಮೂರು ದೊಡ್ಡ ಕಣ ಕಂಡವು. ಸರ್ ಉತ್ತರಕ್ಕೂ ಕಾಯದೆ ‘ಇವತ್ತೇ ದಾವಣಗೆರೆಗೆ ಹೋಗಿ, ತಡ ಮಾಡಬೇಡಿ’ ಎಂದುಬಿಟ್ಟೆ. ಹೆಂಡತಿ ಅಲ್ಲೇ ಕೂತು ಅತ್ತರು. ಮೂರು ದಿನ ಕೂಲಿ ಬಿಟ್ಟು ಅಲೆದಿದ್ದಾರೆ. ಬರೀ ಜ್ವರದ ಕಣಗಳಂತೆ. ಇವತ್ತು ಬಂದು ಕೌಂಟರಿನ ಮುಂದೆ ನಿಂತು ಕೂಗಾಡಿದರು. ‘ಮೂರು ದಿನ ನನ್ನ ಹೆಂಡ್ತಿ ನೀರು ಕುಡಿದಿಲ್ಲ! ನೋಡಾಕೆ ಬರದಿದ್ರೆ ಯಾಕ ಕೂತೀರಿ ಇಲ್ಲಿ?’

ನಿರ್ಮಲಮ್ಮ ಅಡ್ಡ ಬಂದಳು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಸೆಪ್ಟೆಂಬರ್ 22, ಭಾನುವಾರ

ಭಾನುವಾರ ಬಂದರೆ ದಾವಣಗೆರೆ. ಮೊದಲು ಸಂಬಂಧಿಕರ ನೆಪ ಹೇಳುತ್ತಿದ್ದೆ, ಈಗ ಕಸ್ತೂರಮ್ಮನೂ ಕೇಳುವುದಿಲ್ಲ. ಅವರು ಸ್ನಾನ ಮುಗಿಸಿ ಬರುವವರೆಗೆ ನಾನು ತನುಶ್ರೀ ಪಕ್ಕ ಕೂರುತ್ತೇನೆ. ಕೂದಲೆಲ್ಲ ಉದುರಿದೆ. ಬಾಯಿ ತುಂಬ ಹುಣ್ಣು. ಇವತ್ತು ಸ್ವಲ್ಪ ಗೆಲುವಾಗಿದ್ದಳು.

‘ಆಂಟಿ, ನೀವು ನನ್ನ ರಕ್ತದ ಫೋಟೋ ತೆಗೆದಿದ್ರಂತಲ್ಲ. ಹೆಂಗಿತ್ತು?’

‘ಚೆನ್ನಾಗಿತ್ತು.’

‘ಫೋನಾಗೆ ಐತಾ? ತೋರಿಸ್ರಿ.’

ಆ ನಾಲ್ಕು ಫೋಟೋ ಇನ್ನೂ ಇದ್ದವು. ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

‘ಮಂಡಕ್ಕಿ ಚೆಲ್ಲಿದಂಗೈತೆ’ ಎಂದಳು. ‘ಇದ್ರಾಗೆ ಕೆಟ್ಟವು ಯಾವು?’

‘ಇದರಲ್ಲಿ ಇಲ್ಲ ಪುಟ್ಟ.’

‘ಮತ್ತೆ ಎಲ್ಲಿ ಅದಾವೆ?’

ಅಷ್ಟರಲ್ಲಿ ನರ್ಸ್ ಬಂದರು.

ಸೆಪ್ಟೆಂಬರ್ 27, ಶುಕ್ರವಾರ

ಎಸ್.ಎಸ್. ಬಡಾವಣೆಯ ಲ್ಯಾಬಿಗೆ ಒಂದು ಕಂಪನಿಯವರು ಹೊಸ ಮಷಿನ್ ತೋರಿಸಲು ಬಂದಿದ್ದರು. ಬ್ರಾಂಚಿನವರೆಲ್ಲ ನಿಮ್ಮ ನಿಮ್ಮ ಸ್ಲೈಡ್ ತನ್ನಿ ಎಂದಿದ್ದರು ಸರ್. ಈ ಮಷಿನ್ ನಾಲ್ಕು ಫೋಟೋ ಅಲ್ಲ, ತುದಿಯಿಂದ ತುದಿಗೆ ಸ್ಲೈಡಿನ ಪೂರ್ತಿ ಫೋಟೋ ತೆಗೆದು, ಅನುಮಾನ ಬಂದ ಕಣಗಳ ಸುತ್ತ ತಾನೇ ಕೆಂಪು ಚೌಕ ಹಾಕುತ್ತದೆ. ಮೊದಲ ಸ್ಲೈಡಿನಲ್ಲಿ ಬಣ್ಣದ ನುಚ್ಚನ್ನು ಮಲೇರಿಯಾ ಎಂದಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಸರ್ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದಾಗ, ಡಬ್ಬಿಯಿಂದ ತನುಶ್ರೀಯ ಸ್ಲೈಡು ತೆಗೆದು ಕೊಟ್ಟೆ. ಮೂರು ನಿಮಿಷ. ಪರದೆಯ ಒಂದು ಅಂಚಿನಲ್ಲಿ ಚೌಕಗಳು ಒಂದೊಂದಾಗಿ ಮೂಡಿದವು. ಹದಿನಾಲ್ಕು.

ಮಷಿನ್ ತಂದಿದ್ದ ಅಂಜನ್ ಕುಮಾರ್ ಎಂಬಾತನ ಮುಖದಿಂದ ನಗು ಹೋಯಿತು. ‘ಮೇಡಂ, ಇದು ಯಾರದು? ಮನೆಯವರಿಗೆ ಕೂಡಲೇ ಫೋನ್ ಮಾಡ್ರಿ. ಇನ್ನೂ ಶುರುವಿನಾಗೆ ಇದ್ದಂಗೈತೆ, ಈಗ ಹಿಡಿದ್ರೆ ಒಳ್ಳೇದು.’

‘ಮಾಡ್ತೀನಿ’ ಎಂದೆ.

ಅಕ್ಟೋಬರ್ 9, ಬುಧವಾರ

ತನುಶ್ರೀಗೆ ಎರಡು ದಿನದಿಂದ ಜ್ವರ. ಔಷಧಿಗೆ ಮೈಯಲ್ಲಿನ ಒಳ್ಳೆಯ ಬಿಳಿಕಣಗಳೂ ಸತ್ತು ಸೋಂಕು ಹತ್ತಿದೆಯಂತೆ. ಐಸಿಯುಗೆ ಹಾಕಿದ್ದಾರೆ. ರಜೆ ಹಾಕಿ ಹೋಗಿ ಕಸ್ತೂರಮ್ಮನ ಪಕ್ಕ ಕೂತಿದ್ದೆ. ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ಬಕ್ಕೇಶ್ ಗೋಡೆಗೆ ಒರಗಿ ನಿಂತಿದ್ದ. ‘ಅಕ್ಕಾರೆ, ನೀವು ಊಟ ಮಾಡಿ ಬರ್ರಿ, ನಾ ಇರ್ತೀನಿ’ ಎಂದ. ಯಾವತ್ತಿನಿಂದ ಅಕ್ಕ ಅನ್ನಲು ಶುರು ಮಾಡಿದನೋ ಗೊತ್ತಿಲ್ಲ.

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆ ಆರು ಹತ್ತಕ್ಕೆ ಹೋದಳು.

ಅಕ್ಟೋಬರ್ 27, ಭಾನುವಾರ

ಹರಿಹರದ ಅವರ ಮನೆಗೆ ಹೋಗಿದ್ದೆ. ಕೃತಿಕಾ ಮಣ್ಣಿಗೆ ಬಂದವಳು ಒಂದು ವಾರ ಇದ್ದು ಮಾಯಕೊಂಡಕ್ಕೆ ಮರಳಿದ್ದಾಳೆ. ಈ ಮನೆಯಲ್ಲಿ ಇರಲು ಆಗುವುದಿಲ್ಲ ಎಂದಳಂತೆ. ಬಕ್ಕೇಶ್ ಅಂಗಡಿಗೆ ಹೋದರೆ ಹಗಲೆಲ್ಲ ಕಸ್ತೂರಮ್ಮ ಒಬ್ಬರೇ. ಒಲೆ ಹೊತ್ತಿಸಿರಲಿಲ್ಲ. ನಾನೇ ಅನ್ನ ಮಾಡಿ ಉಣ್ಣಿಸಿದೆ.

‘ನಾನೇ ಕೊಂದೆ ತಾಯಿ ಅದನ್ನ’ ಎಂದರು. ‘ಕಾಲು ನೋವು ಅಂತ ಜೂನಿನಾಗೇ ಹೇಳ್ತಿತ್ತು. ಸಾಲಿ ತಪ್ಪಿಸಾಕೆ ನೆಪ ಅಂತ ಎರಡೇಟು ಹೊಡೆದಿದ್ದೆ. ಆವಾಗ್ಲೇ ನಿನ್ನ ಹತ್ರ ಕರಕಂಡು ಬಂದಿದ್ರೆ ನೀ ಹಿಡೀತಿದ್ದೆ.’

ಅನ್ನದ ಪಾತ್ರೆ ತೊಳೆಯಲು ಎದ್ದುಹೋದೆ. ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ತೊಳೆದೆ.

ನವೆಂಬರ್ 5, ಮಂಗಳವಾರ

ಸರ್ ಹತ್ತಿರ ಹೋಗಿ ಹೇಳಿದೆ. ಸ್ಲೈಡು ನನ್ನ ಹತ್ತಿರ ಇದೆ, ಹುಡುಗಿಯ ತಂದೆಗೆ ತೋರಿಸುತ್ತೇನೆ, ಕೆಲಸದಿಂದ ತೆಗೆದರೂ ಸರಿ ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು.

‘ನಿನ್ನ ಹೆಸರೊಂದೇ ಹೇಳಬೇಡ’ ಎಂದರು ಕೊನೆಗೆ. ‘ನಾಲ್ಕು ಫೋಟೋ ನೋಡಿ ಸಹಿ ಹಾಕಿದವನು ನಾನು. ಡೆಂಗಿ ಟೆಸ್ಟ್ ನೆಗೆಟಿವ್ ಇದ್ದಾಗ ಇನ್ನಷ್ಟು ಕಳಿಸು ಅಂತ ಕೇಳಬೇಕಾಗಿತ್ತು. ಕೇಳ್ಲಿಲ್ಲ.’

ಮಷಿನ್ ಕೊಳ್ಳುತ್ತಿದ್ದಾರಂತೆ. ಡಿಸೆಂಬರಿನಿಂದ ಸ್ಲೈಡುಗಳೆಲ್ಲ ದಾವಣಗೆರೆಯಲ್ಲೇ. ಹರಿಹರದಲ್ಲಿ ರಕ್ತ ತೆಗೆದು ಕಳಿಸುವುದಷ್ಟೇ ನನ್ನ ಕೆಲಸ. ನನ್ನ ಮೈಕ್ರೋಸ್ಕೋಪ್ ಬೇರೆ ಬ್ರಾಂಚಿಗೆ ಹೋಗುತ್ತದೆ. ಅದಕ್ಕೆ ಒಂದು ತಿಂಗಳು ಕಾಲ ಇದೆ ಎಂದರು.

ನವೆಂಬರ್ 7, ಗುರುವಾರ

ಮಧ್ಯಾಹ್ನ ಬಕ್ಕೇಶನನ್ನು ಲ್ಯಾಬಿಗೆ ಕರೆಸಿದೆ. ನಿರ್ಮಲಮ್ಮನನ್ನು ಊಟಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಆಗಸ್ಟಿನಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ, ಸರ್ ಹೇಳಿದ್ದನ್ನೂ ಹೇಳಿದೆ.

‘ತೋರಿಸ್ರಿ’ ಎಂದ.

ಸ್ಟೂಲಿನ ಮೇಲೆ ಕೂರಿಸಿ ಫೋಕಸ್ ಮಾಡಿಕೊಟ್ಟೆ. ತಂತಿಯ ಸುತ್ತು ಎಣಿಸಿ ಎಣಿಸಿ ಅಭ್ಯಾಸವಾದ ಕಣ್ಣು, ಒಂದೇ ಸಲಕ್ಕೆ ಹೊಂದಿಸಿಕೊಂಡ.

‘ಯಾವುದ್ರಿ?’

‘ನಡುವೆ ಕಪ್ಪು ಕಡ್ಡಿ ಕಾಣ್ತದಲ್ಲ, ಅದರ ತುದಿಗೆ.’

‘ನೀಲಿದು?’

‘ಹೌದು.’

‘ಸುತ್ತ ಇರೋವು?’

‘ಅವು ಒಳ್ಳೆಯವು.’

ತುಂಬ ಹೊತ್ತು ನೋಡಿದ. ‘ಒಳ್ಳೇವೇ ಬಾಳ ಅದಾವಲ್ರಿ’ ಎಂದ.

ಅವನು ಕಣ್ಣು ತೆಗೆಯದೆಯೇ ಕೇಳಿದ.

‘ಆವತ್ತು ಕಂಡಿತ್ತಾ ನಿಮಗೆ?’

‘ಎರಡು ಕಂಡಿದ್ದವು.’

‘ಮತ್ತೆ ಯಾಕ ಕಳಿಸ್ಲಿಲ್ಲ?’

‘ಹೊರಗೆ ಜನ ಇದ್ದರು. ಬಣ್ಣ ಸರಿ ಬಂದಿರಲಿಲ್ಲ. ಫೋಟೋ ಚೆನ್ನಾಗಿ ಬರ್ತಿರಲಿಲ್ಲ.’ ಹೇಳುವಾಗಲೇ ಆ ಕೊನೆಯ ಮಾತು ಕಿವಿಗೆ ಬಿತ್ತು. ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು. ಅಷ್ಟೇ ಕಾರಣ, ಬೇರೆ ಯಾವುದೂ ಅಲ್ಲ.

‘ಆವಾಗ್ಲೇ ತಿಳಿದಿದ್ರೆ ಉಳೀತಿದ್ಲಾ?’

‘ಗೊತ್ತಿಲ್ಲ.’

‘ಗೊತ್ತಿಲ್ಲ ಅನಬ್ಯಾಡ್ರಿ. ಒಂದೇನಾರ ಹೇಳ್ರಿ.’

‘ಉಳೀಬಹುದಿತ್ತು. ಆಗ ಮೈಯಲ್ಲಿ ಇನ್ನೂ ಶಕ್ತಿ ಇತ್ತು. ಖಂಡಿತ ಅಂತ ಹೇಳೋಕೆ ನನಗೆ ಆಗಲ್ಲ.’

ಎದ್ದು ನಿಂತ. ಹೊಡೆಯುತ್ತಾನೇನೋ ಅನ್ನಿಸಿತು, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಸ್ಲೈಡನ್ನು ತಾನೇ ಮೆಲ್ಲಗೆ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. ಅಲ್ಲಿ ಟೆಸ್ಟರು, ಪೆನ್ನು ಇದ್ದವು. ಒಡೆದೀತೆಂದೇನೋ ಮತ್ತೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡ.

‘ನಮ್ಮವ್ವಗೆ ಹೇಳೀರೇನು?’

‘ಇಲ್ಲ. ಇವತ್ತೇ ಬಂದು ಹೇಳ್ತೀನಿ.’

‘ಹೇಳಬ್ಯಾಡ್ರಿ.’ ಮೊದಲ ಸಲ ದನಿ ಏರಿತು. ‘ಯಾವತ್ತೂ ಹೇಳಬ್ಯಾಡ್ರಿ. ನೀವು ಬರ್ತೀರಿ ಅಂತ ಬಾಗಿಲಾಗೆ ಕೂತಿರ್ತಾಳೆ. ಶೋಭಾ ಬಂದಿದ್ಲು, ಶೋಭಾ ಉಣ್ಣಾಕೆ ಇಕ್ಕಿದ್ಲು, ಅದೇ ಮಾತು. ಈಗ ನಿಮ್ಮನ್ನೂ ಕಳಕಂಡ್ರೆ ಆಕಿ ಉಳಿಯಂಗಿಲ್ಲ.’

‘ಹಾಗಾದರೆ...’

‘ಬರೋದು ನಿಲ್ಲಿಸಬ್ಯಾಡ್ರಿ. ಗುರುವಾರ ಹನ್ನೊಂದಕ್ಕೆ ಬರ್ರಿ.’ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು ನಿಂತ. ‘ನಾನಿರೋವಾಗ ಮಾತ್ರ ಬರಬ್ಯಾಡ್ರಿ.’

ನವೆಂಬರ್ 14, ಗುರುವಾರ

ಹನ್ನೊಂದಕ್ಕೆ ಹೋದೆ. ಕಸ್ತೂರಮ್ಮ ತನುಶ್ರೀಯ ಶಾಲೆಯ ಚೀಲ ತೆಗೆದು ಒಂದೊಂದೇ ಪುಸ್ತಕ ತೋರಿಸಿದರು. ಎಲ್ಲ ನೋಡಿದೆ.

ನವೆಂಬರ್ 21, ಗುರುವಾರ

ಹೋಗಿದ್ದೆ.

ನವೆಂಬರ್ 28, ಗುರುವಾರ

ಬೆಳಿಗ್ಗೆ ಮೈಕ್ರೋಸ್ಕೋಪ್ ತೆಗೆದುಕೊಂಡು ಹೋದರು. ಮೇಜಿನ ಮೇಲೆ ಅದರ ತಳದ ಗುರುತು ಉಳಿದಿದೆ. ನಿರ್ಮಲಮ್ಮ ಒರೆಸಿದಳು, ಹೋಗಲಿಲ್ಲ.

ಹನ್ನೊಂದಕ್ಕೆ ಕಸ್ತೂರಮ್ಮನ ಮನೆ. ಬಾಗಿಲಲ್ಲೇ ಕೂತಿದ್ದರು. ಇವತ್ತು ಒಲೆ ಹೊತ್ತಿಸಿದ್ದರು, ಒಳಗೆ ಬದನೆಕಾಯಿ ಎಣ್ಣೆಗಾಯಿಯ ವಾಸನೆ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಡಿಸಿದ್ದು ಹಾಗೇ ಇತ್ತು, ರೊಟ್ಟಿ ಇನ್ನೂ ಬಿಸಿ.

‘ಬಕ್ಕೇಶ ಈಗಿನ್ನೂ ಹೋದ ನೋಡು’ ಎಂದರು. ‘ದಿನಾ ಹನ್ನೆರಡಕ್ಕೆ ಅಂಗಡಿಯಿಂದ ಬಂದು ಉಂಡು ಹೋಗೋನು, ಗುರುವಾರ ಬಂತಂದ್ರೆ ಹತ್ತೂವರೆಗೇ ಬರ್ತಾನೆ, ಅದೇನು ಅವಸರ ಬಡಕಂಡಿರ್ತತೋ. ತಟ್ಟೆ ಮುಂದೆ ಕೂತೋನು ಗಡಿಯಾರ ನೋಡಿ ಎದ್ದುಬಿಟ್ಟ. ಕೂಡು ತಾಯಿ, ನೀನಾರ ಉಣ್ಣು.’

ಅವನ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಕೂತು ಉಂಡೆ.